ಗುಳಿಗೆ ಎಷ್ಟು ತಾಸು? ಗುಟ್ಟು ಎಷ್ಟು ದಿನ?

ಬೀದರ್ ನಗರದ ಅಂಚಿನಲ್ಲಿರುವ ಕೊಳಾರ ಕೈಗಾರಿಕಾ ಪ್ರದೇಶದ ಕಡೆಗೆ ಹೋದವರಿಗೆ ಅಲ್ಲಿನ ಗಾಳಿಯೇ ಹೇಳಿಬಿಡುತ್ತದೆ, ಇಲ್ಲಿ ಔಷಧಿಗೆ ಸಂಬಂಧಪಟ್ಟ ಕೆಲಸ ನಡೆಯುತ್ತಿದೆ ಎಂದು. ಮಾತ್ರೆಗಳಿಗೆ ಬೇಕಾದ ಮೂಲ ಪುಡಿಗಳನ್ನು ತಯಾರಿಸುವ ಹಲವು ಕಾರ್ಖಾನೆಗಳು ಅಲ್ಲಿವೆ. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕಾರ್ಖಾನೆಗಳ ಪಾಳಿ ಕೆಲಸದಿಂದ. ಹೀಗೆ ಔಷಧಿಯ ನಡುವೆಯೇ ಬದುಕುವ ಊರು ನಮ್ಮದು. ಆದರೂ ಕೆಲವು ಔಷಧಿಗಳ ಮಾತು ಬಂದರೆ ನಾವೆಲ್ಲ ಬಾಯಿ ಹೊಲಿದುಕೊಂಡು ಕೂರುತ್ತೇವೆ. ಅಂಥ ಔಷಧಿಗಳಲ್ಲಿ ಮೊದಲನೆಯದು ಗಂಡಸರ ನಿಮಿರು ದೌರ್ಬಲ್ಯಕ್ಕೆ ಕೊಡುವ ಗುಳಿಗೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಮನೆಮಂದಿಯೆಲ್ಲ ತಿಳಿಯಬೇಕಾದ ಸಂಗತಿ ಇದರಲ್ಲಿ ಒಂದಿದೆ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ'ಯನ್ನು ಮದುವೆಯಲ್ಲಿ ಉಡುಗೊರೆಯಾಗಿ ಕೊಟ್ಟ ಜನ ನಾವು. ಇಷ್ಟು ಮಾತಾಡಲು ನಾಚಿಕೆ ಬೇಕಿಲ್ಲ.

ಈ ಗುಳಿಗೆಯ ಬಗ್ಗೆ ಬಾಯಿಬಿಟ್ಟು ಕೇಳುವ ಗಂಡಸರು ಕಡಿಮೆ. ಕೇಳಿದವರೂ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟರ್ ಸಾಬ್, ಇದು ಎಷ್ಟು ತಾಸು ನಡೀತದ್ರಿ?" ಪ್ರಶ್ನೆ ಸರಿಯಾದದ್ದೇ. ಆದರೆ ಇದಕ್ಕೆ ಉತ್ತರ ಒಂದಲ್ಲ, ಎರಡು. ಮೊದಲನೆಯದು ಗುಳಿಗೆಯ ಉಪಯೋಗ ಎಷ್ಟು ತಾಸು ಎಂಬುದು. ಎರಡನೆಯದು ಅದರ ಅಪಾಯ ಎಷ್ಟು ತಾಸು ಎಂಬುದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಜೀವ ನಿಂತಿರುವುದು ಎರಡನೆಯದರ ಮೇಲೆ.

ಗುಳಿಗೆ ಬಂದ ಬಗೆ

ಮೊದಲು ಸ್ವಲ್ಪ ಹಿನ್ನೆಲೆ ತಿಳಿಯೋಣ. ಈ ಗುಂಪಿನ ಮೊದಲ ಔಷಧಿಯ ಹೆಸರು ಸಿಲ್ಡೆನಾಫಿಲ್. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಾಲಯದಲ್ಲಿ ಇದನ್ನು ಎದೆನೋವಿನ ಔಷಧಿಯಾಗಿ ಪರೀಕ್ಷಿಸಲಾಗುತ್ತಿತ್ತು. ಎದೆನೋವಿಗೆ ಅಂದುಕೊಂಡಷ್ಟು ಗುಣ ಕಾಣಲಿಲ್ಲ. ಆದರೆ ಪರೀಕ್ಷೆಗೆ ಒಳಗಾದ ಗಂಡಸರಲ್ಲಿ ಇನ್ನೊಂದು ಪರಿಣಾಮ ಕಂಡುಬಂತು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ಇದಕ್ಕೆ ವಯಾಗ್ರ ಎಂಬ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. 2001ರಲ್ಲಿ ನಮ್ಮ ದೇಶದ ಕಂಪನಿಗಳೂ ಇದನ್ನು ಮಾರುಕಟ್ಟೆಗೆ ತಂದವು. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಡಲಾಫಿಲ್ ಇದೇ ಗುಂಪಿನ ಇನ್ನೊಂದು ಔಷಧಿ. ಇಂದು ಈ ಎರಡೂ ನಮ್ಮ ತಾಲ್ಲೂಕು ಕೇಂದ್ರಗಳ ಔಷಧಿ ಅಂಗಡಿಗಳಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುತ್ತವೆ.

ಇದು ಕೆಲಸ ಮಾಡುವ ರೀತಿ ತಿಳಿದರೆ ಉಳಿದದ್ದೆಲ್ಲ ಸುಲಭ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ ಶಿಶ್ನದ ನರಗಳು ಮತ್ತು ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದರಿಂದ ಒಂದು ರಾಸಾಯನಿಕ ಹೆಚ್ಚುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ, ರಕ್ತ ತುಂಬಿಕೊಂಡು ನಿಮಿರುವಿಕೆ ಉಂಟಾಗುತ್ತದೆ. ಶರೀರದಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಕೆಲಸವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲೇ ನೊಬೆಲ್ ಬಹುಮಾನ ಬಂತು. ರಕ್ತನಾಳವನ್ನು ಸಡಿಲಿಸುವ ಆ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವವೊಂದು ಅಲ್ಲಿಯೇ ಇರುತ್ತದೆ. ಗುಳಿಗೆ ಮಾಡುವುದಿಷ್ಟೇ: ಆ ಕಿಣ್ವದ ಕೈ ಕಟ್ಟಿಹಾಕುತ್ತದೆ.

ಅಂದರೆ ಗುಳಿಗೆ ಬಯಕೆಯನ್ನು ಹುಟ್ಟಿಸುವುದಿಲ್ಲ. ನುಂಗಿ ಗೋಡೆ ನೋಡುತ್ತ ಕೂತರೆ ಏನೂ ಆಗದು. "ನಾಲ್ಕು ತಾಸು ಕೆಲಸ ಮಾಡುತ್ತದೆ" ಎಂದರೆ ನಾಲ್ಕು ತಾಸು ನಿಮಿರಿಯೇ ಇರುತ್ತದೆ ಎಂದಲ್ಲ. ಆ ಅವಧಿಯಲ್ಲಿ ಬಯಕೆ ಬಂದರೆ ಶರೀರ ಸಹಕರಿಸುತ್ತದೆ ಎಂದಷ್ಟೇ ಅರ್ಥ. ಹಾಗಲ್ಲದೆ ನಿಮಿರುವಿಕೆ ನಿಜವಾಗಿಯೂ ನಾಲ್ಕು ತಾಸಿಗಿಂತ ಹೆಚ್ಚು ಇಳಿಯದೆ ನಿಂತರೆ ಅದು ಹೆಮ್ಮೆಯ ವಿಷಯವಲ್ಲ, ತುರ್ತು ಚಿಕಿತ್ಸೆಯ ವಿಷಯ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಅಂಗಕ್ಕೆ ಶಾಶ್ವತ ಹಾನಿಯಾಗಬಹುದು.

ಮೊದಲ ಲೆಕ್ಕ: ಉಪಯೋಗದ ತಾಸು

ಸಿಲ್ಡೆನಾಫಿಲ್ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಕೆಲಸ ಆರಂಭಿಸುತ್ತದೆ. ಅದರ ಪ್ರಭಾವ ಸುಮಾರು 4ರಿಂದ 5 ತಾಸು. ರಕ್ತದಲ್ಲಿರುವ ಔಷಧಿ ಪ್ರತಿ 4 ತಾಸಿಗೆ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಟಡಲಾಫಿಲ್ ನಿಧಾನಿ. ಅದು ರಕ್ತದಲ್ಲಿ ಅರ್ಧಕ್ಕಿಳಿಯಲು 17 ತಾಸಿಗೂ ಹೆಚ್ಚು ಹೊತ್ತು ಬೇಕು. ಅದರ ಪ್ರಭಾವ 36 ತಾಸಿನವರೆಗೂ ಇರಬಹುದು. ಇದನ್ನು ಕಡಿಮೆ ಪ್ರಮಾಣದಲ್ಲಿ ದಿನಾಲು ಒಂದರಂತೆ ಬರೆದುಕೊಡುವುದೂ ಉಂಟು.

ಒಬ್ಬರಿಗೆ ಫಲ ಕೊಟ್ಟ ಗುಳಿಗೆ ಇನ್ನೊಬ್ಬರಿಗೆ ಕೊಡದಿರುವುದೇಕೆ? ಅದೇ ಮನುಷ್ಯನಿಗೆ ಒಂದು ದಿನ ಕೊಟ್ಟು ಇನ್ನೊಂದು ದಿನ ಕೈಕೊಡುವುದೇಕೆ? ಕಾರಣಗಳು ಹಲವು. ಒಂದೊಂದಾಗಿ ನೋಡೋಣ.

ಮೊದಲನೆಯದು ಊಟ. ಮದುವೆ ಮನೆಯಲ್ಲಿ ಬಿರಿಯಾನಿ ಹೊಡೆದು, ಅಥವಾ ತುಪ್ಪ ಸುರಿದ ಹೋಳಿಗೆ ಉಂಡು ಬಂದು ಸಿಲ್ಡೆನಾಫಿಲ್ ನುಂಗಿದರೆ ಅದು ಹೊಟ್ಟೆಯಲ್ಲೇ ಕೂರುತ್ತದೆ. ಕೊಬ್ಬಿನ ಊಟದಿಂದ ಅದು ರಕ್ತ ಸೇರುವುದು ಸುಮಾರು ಒಂದು ತಾಸು ತಡವಾಗುತ್ತದೆ, ರಕ್ತದಲ್ಲಿ ಅದು ಮುಟ್ಟುವ ಗರಿಷ್ಠ ಮಟ್ಟವೂ ಶೇ. 29ರಷ್ಟು ತಗ್ಗುತ್ತದೆ. ಎರಡು ರೊಟ್ಟಿ, ಪಲ್ಯದಂತಹ ಹಗುರ ಊಟ ಮಾಡಿ ಒಂದೆರಡು ತಾಸು ಬಿಟ್ಟು ತೆಗೆದುಕೊಂಡರೆ ಈ ತೊಂದರೆ ಕಡಿಮೆ. ಟಡಲಾಫಿಲ್‌ಗೆ ಊಟದ ಹಂಗಿಲ್ಲ.

ಎರಡನೆಯದು ಮದ್ಯ. ಎರಡು ಗುಟುಕು ಧೈರ್ಯ ಕೊಡುತ್ತದೆ ಎಂಬ ನಂಬಿಕೆ ಹಳೆಯದು. ವಾಸ್ತವವಾಗಿ ಮದ್ಯ ಹೆಚ್ಚಾದರೆ ನಿಮಿರುವಿಕೆಗೇ ಅಡ್ಡಿ. ಮೇಲಾಗಿ ಮದ್ಯವೂ ಗುಳಿಗೆಯೂ ರಕ್ತದೊತ್ತಡವನ್ನು ಇಳಿಸುತ್ತವೆ. ಎರಡೂ ಸೇರಿದರೆ ಎದ್ದು ನಿಂತಾಗ ತಲೆಸುತ್ತು ಬಂದು ಬೀಳುವ ಸಂಭವವಿದೆ.

ಮೂರನೆಯದು ವಯಸ್ಸು. 65 ದಾಟಿದವರಲ್ಲಿ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಔಷಧಿ ಶರೀರದಿಂದ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕಾಗಿಯೇ ಇಂಥವರಿಗೆ ಸಿಲ್ಡೆನಾಫಿಲ್‌ನ್ನು 25 ಮಿಲಿಗ್ರಾಂನಿಂದ ಆರಂಭಿಸುವುದು ರೂಢಿ. ಗೆಳೆಯನ ಜೇಬಿನಿಂದ ಪಡೆದ 100 ಮಿಲಿಗ್ರಾಂ ಗುಳಿಗೆ ನಿಮ್ಮ ಶರೀರಕ್ಕೆ ನಾಲ್ಕು ಪಟ್ಟು ಆಗಿರಬಹುದು.

ನಾಲ್ಕನೆಯದು ಬೇರೆ ಔಷಧಿಗಳು. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಗಂಟಲು-ಎದೆಯ ಸೋಂಕಿಗೆ ಕೊಡುವ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಇವುಗಳೊಂದಿಗೆ ತೆಗೆದುಕೊಂಡರೆ ಗುಳಿಗೆ ರಕ್ತದಲ್ಲಿ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧ. ಅದು ಗುಳಿಗೆಯನ್ನು ಬೇಗ ಹೊರಗಟ್ಟುತ್ತದೆ, ಗುಣವೇ ಕಾಣದಂತೆ ಮಾಡುತ್ತದೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾದಾಗ ಕೊಡುವ ಟ್ಯಾಮ್ಸುಲೋಸಿನ್‌ನಂತಹ ಔಷಧಿಗಳೊಂದಿಗೆ ಸೇರಿದರೆ ರಕ್ತದೊತ್ತಡ ಥಟ್ಟನೆ ಇಳಿಯಬಹುದು.

ಐದನೆಯದು ಮನಸ್ಸು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದವರಿಗೆ, ಸಾಲದ ಚಿಂತೆಯಲ್ಲಿ ಮಲಗಿದವರಿಗೆ, "ಇವತ್ತು ಆಗುತ್ತದೋ ಇಲ್ಲವೋ" ಎಂದು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡವರಿಗೆ ಗುಳಿಗೆ ಒಂದೇ ಸಾಲದು. ಮೊದಲ ಸಲ ಫಲ ಸಿಗಲಿಲ್ಲವೆಂದು ಕೈಬಿಡಬಾರದು. ಸರಿಯಾದ ರೀತಿಯಲ್ಲಿ, ಬೇರೆ ಬೇರೆ ದಿನ, ನಾಲ್ಕಾರು ಸಲವಾದರೂ ನೋಡಿದ ಮೇಲೆಯೇ ಔಷಧಿ ಸೋತಿತೆಂದು ತೀರ್ಮಾನಿಸಬೇಕು. ಒಂದಕ್ಕೆ ಆಗಲಿಲ್ಲವೆಂದು ಅದೇ ರಾತ್ರಿ ಎರಡು ನುಂಗುವುದು ಮೂರ್ಖತನ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ತೆಗೆದುಕೊಳ್ಳಬಾರದು.

ಹೂಳು ತುಂಬಿದ ಸುರಂಗ

ಮೇಲಿನ ಐದೂ ಸಣ್ಣ ಕಾರಣಗಳು. ದೊಡ್ಡ ಕಾರಣ ಬೇರೆಯೇ ಇದೆ. ನೌಬಾದಿನ ಕರೇಜನ್ನು ನೀವು ನೋಡಿರಬಹುದು. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ವ್ಯವಸ್ಥೆ ಅದು. ಸುರಂಗ ಬಾವಿ ಎಂದೂ ಕರೆಯುತ್ತಾರೆ. ಕಾಲ ಕಳೆದಂತೆ ಅದರಲ್ಲಿ ಹೂಳು ತುಂಬಿತು. ಹೂಳು ತುಂಬಿದ ಸುರಂಗದ ಬಾಯಿಯನ್ನು ಎಷ್ಟು ಅಗಲ ಮಾಡಿದರೂ ನೀರು ಬಾರದು. ಕಳೆದ ದಶಕದಲ್ಲಿ ಹೂಳು ತೆಗೆದಾಗಲೇ ಮತ್ತೆ ನೀರು ಕಂಡದ್ದು.

ನಮ್ಮ ರಕ್ತನಾಳಗಳ ಕಥೆಯೂ ಇದೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಬೀಡಿ-ಸಿಗರೇಟು, ಗುಟ್ಕಾ ಇವೆಲ್ಲ ಸೇರಿ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತವೆ. ಸಕ್ಕರೆ ಕಾಯಿಲೆ ನರಗಳನ್ನೂ ಹಾಳುಮಾಡುತ್ತದೆ. ನರ ಕೆಟ್ಟಾಗ ನೈಟ್ರಿಕ್ ಆಕ್ಸೈಡೇ ಸರಿಯಾಗಿ ಹುಟ್ಟುವುದಿಲ್ಲ. ಅದು ಹುಟ್ಟದಿದ್ದರೆ ಗುಳಿಗೆಗೆ ಕೆಲಸವೇ ಇಲ್ಲ. ಆದ್ದರಿಂದಲೇ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಗುಳಿಗೆಯ ಫಲ ಉಳಿದವರಿಗಿಂತ ಕಡಿಮೆ.

"ಮೊದಲೆರಡು ವರ್ಷ ಚೆನ್ನಾಗಿ ಕೆಲಸ ಮಾಡಿತು, ಈಗ ಆಗುತ್ತಿಲ್ಲ. ಶರೀರಕ್ಕೆ ಗುಳಿಗೆ ರೂಢಿಯಾಗಿಬಿಟ್ಟಿತೇ?" ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಗುಳಿಗೆ ಅಲ್ಲೇ ಇದೆ, ಕಾಯಿಲೆ ಮುಂದೆ ಹೋಗಿದೆ. ಸಕ್ಕರೆ ಏರಿದೆ, ತೂಕ ಏರಿದೆ, ನಾಳ ಇನ್ನಷ್ಟು ಕಿರಿದಾಗಿದೆ. ಇಂಥವರು ಗುಳಿಗೆಯ ಪ್ರಮಾಣ ಹೆಚ್ಚಿಸುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ದಿನಕ್ಕೆ ಮುಕ್ಕಾಲು ತಾಸು ಚುರುಕಾಗಿ ನಡೆಯುವುದು, ತಂಬಾಕು ಬಿಡುವುದು, ಹೊಟ್ಟೆಯ ಸುತ್ತಳತೆ ಇಳಿಸುವುದು ಇವೇ ಹೂಳೆತ್ತುವ ಕೆಲಸ. ಇವುಗಳಿಂದ ಕೆಲವರಿಗೆ ಗುಳಿಗೆಯ ಅಗತ್ಯವೇ ಕಡಿಮೆಯಾಗುವುದುಂಟು.

ಇನ್ನೊಂದು ಮಾತನ್ನು ಮರೆಯಬಾರದು. ಶಿಶ್ನದ ರಕ್ತನಾಳ ಸುಮಾರು 1ರಿಂದ 2 ಮಿಲಿಮೀಟರ್ ಅಗಲದ್ದು. ಹೃದಯದ ರಕ್ತನಾಳ 3ರಿಂದ 4 ಮಿಲಿಮೀಟರ್. ಒಂದೇ ಬಗೆಯ ಹೂಳು ಎರಡರಲ್ಲೂ ಕೂಡುತ್ತಿದ್ದರೆ ಮೊದಲು ಕಟ್ಟುವುದು ಸಣ್ಣದು. ಆದ್ದರಿಂದ ನಲವತ್ತು-ಐವತ್ತರ ಪ್ರಾಯದಲ್ಲಿ ನಿಧಾನವಾಗಿ ಆರಂಭವಾಗುವ ನಿಮಿರು ದೌರ್ಬಲ್ಯ ಎಷ್ಟೋ ಸಲ ಹೃದಯದ ಕಾಯಿಲೆಯ ಮುನ್ಸೂಚನೆ. ಹೃದಯಾಘಾತಕ್ಕೆ ಕೆಲವು ವರ್ಷ ಮೊದಲೇ ಶರೀರ ಕೊಟ್ಟ ಎಚ್ಚರಿಕೆಯ ಗಂಟೆ ಅದು. ಅಂಗಡಿಯಲ್ಲಿ ಗುಟ್ಟಾಗಿ ಗುಳಿಗೆ ಕೊಂಡು ನುಂಗಿದವನು ಆ ಗಂಟೆಯ ಬಾಯಿಗೆ ಬಟ್ಟೆ ತುರುಕಿದಂತೆ. ವೈದ್ಯರ ಬಳಿ ಹೋದವನಿಗೆ ರಕ್ತದೊತ್ತಡ, ಸಕ್ಕರೆ, ಕೊಬ್ಬು, ಇ.ಸಿ.ಜಿ. ಎಲ್ಲವೂ ಒಮ್ಮೆ ಆಗುತ್ತದೆ. ಗುಳಿಗೆಗಿಂತ ದೊಡ್ಡ ಲಾಭ ಅದು.

ಎರಡನೇ ಲೆಕ್ಕ: ಅಪಾಯದ ತಾಸು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಗೃಹಿಣಿಯರೂ, ದೊಡ್ಡ ಮಕ್ಕಳೂ ಗಮನವಿಟ್ಟು ಓದಬೇಕು.

ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಯಜಮಾನರಿಗೆ ಐವತ್ತೆಂಟು. ಬಿ.ಪಿ. ಇದೆ, ಸಕ್ಕರೆ ಇದೆ. ಅವರು ಶುಕ್ರವಾರ ರಾತ್ರಿ ಪೇಟೆಯಿಂದ ತಂದ ಟಡಲಾಫಿಲ್ ಗುಳಿಗೆಯೊಂದನ್ನು ಯಾರಿಗೂ ಹೇಳದೆ ನುಂಗಿದ್ದಾರೆ. ಹಾಳೆಯನ್ನು ಮುದುರಿ ಬಚ್ಚಲ ಕಿಟಕಿಯಿಂದ ಎಸೆದಿದ್ದಾರೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಂಡಿದಂತಾಗುತ್ತದೆ, ಬೆವರು ಬಿಡುತ್ತದೆ. ಮನೆಯಲ್ಲಿ ಅವರ ಅಣ್ಣನಿಗೆಂದು ತಂದಿಟ್ಟ ಸಾರ್ಬಿಟ್ರೇಟ್ ಇದೆ. "ನಾಲಿಗೆ ಕೆಳಗೆ ಇಡ್ರಿ, ಲಗೂ ಇಡ್ರಿ" ಎಂದು ಹೆಂಡತಿಯೇ ಓಡಿ ಬಂದು ಇಡುತ್ತಾಳೆ. ಆಕೆ ಮಾಡಿದ್ದು ತಪ್ಪೇ? ಆಕೆಗೆ ತಿಳಿದಷ್ಟನ್ನು ಆಕೆ ಪ್ರೀತಿಯಿಂದ ಮಾಡಿದ್ದಾಳೆ. ಆದರೆ ಹತ್ತು ನಿಮಿಷದಲ್ಲಿ ಆತನ ರಕ್ತದೊತ್ತಡ ಪಾತಾಳಕ್ಕಿಳಿಯಬಹುದು, ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು.

ಕಾರಣವಿಷ್ಟೆ. ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನ ಔಷಧಿ. ಅದು ಶರೀರದಲ್ಲಿ ನೈಟ್ರಿಕ್ ಆಕ್ಸೈಡ್ ಒದಗಿಸಿ ರಕ್ತನಾಳಗಳನ್ನು ಅಗಲಿಸುತ್ತದೆ. ನಿಮಿರು ದೌರ್ಬಲ್ಯದ ಗುಳಿಗೆ ಆ ಅಗಲಿಕೆ ಕಡಿಮೆಯಾಗದಂತೆ ತಡೆಯುತ್ತದೆ. ಒಂದು ನಾಳವನ್ನು ತೆರೆಯುತ್ತದೆ, ಇನ್ನೊಂದು ಮುಚ್ಚಲು ಬಿಡುವುದಿಲ್ಲ. ಎರಡೂ ಒಟ್ಟಾದರೆ ಶರೀರದ ತುಂಬ ನಾಳಗಳು ಸಡಿಲಗೊಂಡು ಹೃದಯಕ್ಕೇ ರಕ್ತ ಸಾಲದಾಗುತ್ತದೆ. ಎದೆನೋವಿಗೆಂದು ಹುಡುಕಿದ ಔಷಧಿಯೇ ಇಂದು ಎದೆನೋವಿನ ಔಷಧಿಗೆ ಶತ್ರುವಾಗಿ ನಿಂತಿದೆ.

ಸಿಲ್ಡೆನಾಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 24 ತಾಸು, ಟಡಲಾಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 48 ತಾಸು ಯಾವ ರೂಪದ ನೈಟ್ರೇಟ್ ಔಷಧಿಯನ್ನೂ ಕೊಡುವಂತಿಲ್ಲ. ನಾಲಿಗೆ ಕೆಳಗಿಡುವ ಗುಳಿಗೆಯಾಗಲಿ, ಬಾಯಿಗೆ ಸಿಂಪಡಿಸುವ ಸ್ಪ್ರೇ ಆಗಲಿ, ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಲಿ, ಎಲ್ಲಕ್ಕೂ ಇದೇ ನಿಯಮ. ಆ ಅವಧಿ ಕಳೆದ ಮೇಲೂ ವೈದ್ಯರ ನಿಗಾದಲ್ಲೇ ಕೊಡಬೇಕು. ಹೃದಯಕ್ಕೆ ಕೊಡುವ ನಿಕೊರಾಂಡಿಲ್ ಕೂಡ ಇದೇ ಸಾಲಿಗೆ ಸೇರುತ್ತದೆ. ನೋಡಿದಿರಾ, ನಾಲ್ಕೈದು ತಾಸಿನ ಗುಳಿಗೆಯ ಅಪಾಯ ಒಂದು ಇಡೀ ದಿನ, ಒಂದೂವರೆ ದಿನದ ಗುಳಿಗೆಯ ಅಪಾಯ ಎರಡು ದಿನ. ದಿನಾಲು ಟಡಲಾಫಿಲ್ ತೆಗೆದುಕೊಳ್ಳುವವರಿಗಂತೂ ಅಪಾಯವಿಲ್ಲದ ತಾಸೇ ಇಲ್ಲ. ಹಾಗೆಯೇ ಹೃದಯಕ್ಕಾಗಿ ದಿನಾಲು ನೈಟ್ರೇಟ್ ತೆಗೆದುಕೊಳ್ಳುವವರು ನಿಮಿರು ದೌರ್ಬಲ್ಯದ ಗುಳಿಗೆಯನ್ನು ಮುಟ್ಟಲೇಬಾರದು.

ಇದರಿಂದ ಹೃದಯದ ರೋಗಿಗಳೆಲ್ಲ ದಾಂಪತ್ಯ ಸುಖವನ್ನು ಬಿಟ್ಟುಬಿಡಬೇಕು ಎಂದು ಅರ್ಥಮಾಡಿಕೊಳ್ಳಬೇಡಿ. ಎರಡು ಅಂತಸ್ತಿನ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಏರಬಲ್ಲವರಿಗೆ ಸಾಮಾನ್ಯವಾಗಿ ಸಮಾಗಮದ ಶ್ರಮವನ್ನೂ ತಾಳುವ ಶಕ್ತಿ ಇರುತ್ತದೆ. ನೈಟ್ರೇಟ್ ಬೇಕಿಲ್ಲದ ಹೃದಯ ರೋಗಿಗಳಲ್ಲಿ ಅನೇಕರು ವೈದ್ಯರ ಸಲಹೆಯಂತೆ ಈ ಗುಳಿಗೆಯನ್ನು ತೆಗೆದುಕೊಳ್ಳಬಹುದು. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದವರು ಮಾತ್ರ ಕಾಯಬೇಕು. ಯಾರಿಗೆ ಸರಿ, ಯಾರಿಗೆ ಬೇಡ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಪಾನ್ ಅಂಗಡಿಯ ಗೆಳೆಯರಲ್ಲ.

ಗುಟ್ಟಿನ ವ್ಯಾಪಾರ

ನಿಮಿರು ದೌರ್ಬಲ್ಯದ ಸುತ್ತ ಇರುವ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರು ಬಹಳ. ರಸ್ತೆ ಬದಿಯ ಡೇರೆಗಳು, ಗೋಡೆಗಳ ಮೇಲಿನ 'ಗುಪ್ತ ರೋಗ'ದ ಬರಹಗಳು ಯಾರಿಗೆ ಗೊತ್ತಿಲ್ಲ? ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯದೆಯೇ ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿಯಾಗಿಲ್ಲ.

ಇವುಗಳಲ್ಲಿ ದುಡ್ಡು ಹೋಗುವುದು ಸಣ್ಣ ನಷ್ಟ. ದೊಡ್ಡದು ಬೇರೆಯೇ ಇದೆ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿ, ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲ್ ಅಥವಾ ಅದರ ಜಾತಿಯ ರಾಸಾಯನಿಕವನ್ನು ಹೇಳದೆ ಬೆರೆಸಿರುವುದನ್ನು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ ರೋಗಿ "ಅಂಥ ಗುಳಿಗೆ ಏನೂ ತೊಗೊಂಡಿಲ್ರಿ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಆತನ ರಕ್ತದಲ್ಲಿ ಮಾತ್ರ ಅದು ಇರುತ್ತದೆ. ಆದ್ದರಿಂದ ಪುಡಿ, ಲೇಹ, ಕ್ಯಾಪ್ಸೂಲು ಏನೇ ತೆಗೆದುಕೊಂಡಿದ್ದರೂ ಹೇಳಿ.

ಕಾನೂನಿನ ಪ್ರಕಾರ ಸಿಲ್ಡೆನಾಫಿಲ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಚೀಟಿ ಕೇಳದೆ ಕಾಗದದಲ್ಲಿ ಸುತ್ತಿ ಕೊಡುವ ಅಂಗಡಿಯವರು ಗಿರಾಕಿಯ ಮುಜುಗರ ತಪ್ಪಿಸಿದೆವು ಎಂದುಕೊಳ್ಳುತ್ತಾರೆ. ಅವರು ತಪ್ಪಿಸಿದ್ದು ಒಂದು ಅಗತ್ಯವಾದ ಪ್ರಶ್ನೆಯನ್ನು: "ಹೃದಯಕ್ಕೆ ಏನಾದರೂ ಗುಳಿಗೆ ತೊಗೋತೀರೇನ್ರಿ ಅಣ್ಣಾ?" ಈ ಒಂದು ಪ್ರಶ್ನೆಯನ್ನಾದರೂ ಪ್ರತಿಯೊಬ್ಬ ಅಂಗಡಿಯವರೂ ಕೇಳಬೇಕು.

ಇದೇ ಔಷಧಿಯನ್ನು ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಾದ ಹೆಂಗಸರಿಗೂ ಮಕ್ಕಳಿಗೂ ಕೊಡುತ್ತಾರೆ ಎಂಬುದು ಬಹಳ ಜನರಿಗೆ ತಿಳಿಯದು. ಹಸುಗೂಸಿನ ಚೀಟಿಯಲ್ಲಿ ಸಿಲ್ಡೆನಾಫಿಲ್ ಹೆಸರು ಕಂಡು ಅಂಗಡಿಯಲ್ಲಿ ನಗುವವರಿದ್ದರೆ ಅವರ ಅಜ್ಞಾನಕ್ಕೆ ಮರುಕಪಡಬೇಕು. ಔಷಧಿಗೆ ಮಾನ-ಅಪಮಾನ ಇಲ್ಲ, ಅದು ಔಷಧಿ ಅಷ್ಟೆ.

ನನ್ನ ಅಭಿಪ್ರಾಯ

ಗುಳಿಗೆ ತೆಗೆದುಕೊಳ್ಳುವುದು ತಪ್ಪಲ್ಲ. ಗುಟ್ಟಾಗಿ ತೆಗೆದುಕೊಳ್ಳುವುದು ತಪ್ಪು. ಈ ಔಷಧಿಯ ಹೆಸರೂ ನುಂಗಿದ ಹೊತ್ತೂ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಆ ಒಬ್ಬರು ಹೆಂಡತಿಯೇ ಆಗಿರಬೇಕು. ಎದೆನೋವು ಬಂದಾಗ ಪಕ್ಕದಲ್ಲಿ ಇರುವವಳು ಆಕೆ, 108ಕ್ಕೆ ಫೋನು ಮಾಡುವವಳು ಆಕೆ, ಆಸ್ಪತ್ರೆಯಲ್ಲಿ ವೈದ್ಯರಿಗೆ ಉತ್ತರ ಹೇಳಬೇಕಾದವಳೂ ಆಕೆ. ಗಂಡನ ಬಿ.ಪಿ. ಗುಳಿಗೆಯ ಬಣ್ಣ, ಹೊತ್ತು ಎಲ್ಲ ನೆನಪಿಟ್ಟುಕೊಳ್ಳುವ ಹೆಂಗಸರಿಗೆ ಇದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಇನ್ನೊಂದು ಕಾರಣವೂ ಇದೆ. ದಾಂಪತ್ಯವೆಂದರೆ ಇಬ್ಬರದು. ಗಂಡ ಗುಟ್ಟಾಗಿ ಗುಳಿಗೆ ನುಂಗಿ ಬಂದಾಗ ಹೆಂಡತಿಗೆ ಆಯಾಸವಿರಬಹುದು, ಮುಟ್ಟು ನಿಂತ ವಯಸ್ಸಿನ ನೋವು-ಉರಿ ಇರಬಹುದು, ಅಥವಾ ಆಕೆಗೆ ಮನಸ್ಸೇ ಇಲ್ಲದಿರಬಹುದು. ಗುಳಿಗೆಯ ನಾಲ್ಕು ತಾಸು ಹಾಳಾಗುತ್ತದೆಂದು ಆಕೆಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಮೊದಲೇ ಮಾತಾಡಿಕೊಂಡ ದಂಪತಿಗಳಲ್ಲಿ ಗುಳಿಗೆಯ ಫಲವೂ ಹೆಚ್ಚು, ಮನಸ್ತಾಪವೂ ಕಡಿಮೆ. ಹೆಂಡತಿಯರೂ ಒಂದು ಮಾತು ನೆನಪಿಡಿ: ನಿಮಿರು ದೌರ್ಬಲ್ಯ ಪ್ರೀತಿ ಕಡಿಮೆಯಾದದ್ದರ ಗುರುತಲ್ಲ, ನಿಮ್ಮ ರೂಪ ಮಾಸಿದ್ದರ ಗುರುತೂ ಅಲ್ಲ. ಬಹುಪಾಲು ಅದು ರಕ್ತನಾಳದ, ನರದ, ಸಕ್ಕರೆಯ ಸಮಸ್ಯೆ. ಗಂಡ ಹೇಳಿಕೊಂಡಾಗ ಹಂಗಿಸಬೇಡಿ. ಒಮ್ಮೆ ಹಂಗಿಸಿದರೆ ಆತ ಮತ್ತೆ ಬಾಯಿ ಬಿಡುವುದಿಲ್ಲ, ನೇರ ಡೇರೆಯವನ ಬಳಿಗೆ ಹೋಗುತ್ತಾನೆ.

ವೈದ್ಯರಿಗೂ ಒಂದು ಮಾತು ಹೇಳಬೇಕು. ಸಕ್ಕರೆ, ಬಿ.ಪಿ. ತಪಾಸಣೆಗೆ ಬಂದ ಗಂಡಸಿಗೆ ಕಾಲು ಜೋಮು ಹಿಡಿಯುತ್ತದೆಯೇ, ಕಣ್ಣು ಮಂಜಾಗಿದೆಯೇ ಎಂದು ಕೇಳುತ್ತೇವೆ. ಅದೇ ಧಾಟಿಯಲ್ಲಿ "ದಾಂಪತ್ಯದಲ್ಲಿ ತೊಂದರೆ ಏನಾದರೂ ಇದೆಯೇ?" ಎಂದೂ ಕೇಳಬೇಕು. ಕೇಳುವವರು ನಾಚಿದರೆ ಹೇಳುವವರು ಹೇಗೆ ಹೇಳಿಯಾರು? ಬಿ.ಪಿ.ಗೆ ಕೊಟ್ಟ ಕೆಲವು ಔಷಧಿಗಳೇ ಈ ತೊಂದರೆಗೆ ಕಾರಣವಾಗುವುದುಂಟು. ರೋಗಿ ಹೇಳಿದರೆ ಔಷಧಿ ಬದಲಿಸಬಹುದು. ಹೇಳದಿದ್ದರೆ ಆತ ತನಗೆ ತಾನೇ ಬಿ.ಪಿ. ಗುಳಿಗೆ ನಿಲ್ಲಿಸಿಬಿಡುತ್ತಾನೆ, ಆಗ ಆಗುವ ಅನಾಹುತ ಇನ್ನೂ ದೊಡ್ಡದು.

ಕೊನೆಯದಾಗಿ ನೆನಪಿಡಬೇಕಾದ ಕೆಲವು ಮಾತು. ವೈದ್ಯರು ಬರೆದ ಗುಳಿಗೆಯನ್ನೇ, ಬರೆದಷ್ಟೇ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಲಾರಿಯ ಗಾಜಿನ ಮುಂದೆ, ಮೋಟಾರು ಸೈಕಲ್ಲಿನ ಡಬ್ಬಿಯಲ್ಲಿ ಇಡಬೇಡಿ. ಕಾವಿಗೆ ಔಷಧಿಯ ಸತ್ವ ಕೆಡುತ್ತದೆ. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ, ಸ್ವಲ್ಪ ಹೊತ್ತಿಗೆ ಹೋಗುತ್ತವೆ. ದೃಷ್ಟಿ ಅಥವಾ ಕಿವಿ ಥಟ್ಟನೆ ಮಂದವಾದರೆ ಗುಳಿಗೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ. ಗುಳಿಗೆ ತೆಗೆದುಕೊಂಡ ಮೇಲೆ ಎದೆನೋವು ಬಂದರೆ ಸಾರ್ಬಿಟ್ರೇಟ್ ಇಡಬೇಡಿ. 108ಕ್ಕೆ ಕರೆ ಮಾಡಿ, ಬಂದವರಿಗೆ ಎಲ್ಲಕ್ಕಿಂತ ಮೊದಲು ಗುಳಿಗೆಯ ಹೆಸರು ಮತ್ತು ನುಂಗಿದ ಹೊತ್ತು ಹೇಳಿ. ಎದೆನೋವಿಗೆ ನೈಟ್ರೇಟ್ ಒಂದೇ ಔಷಧಿಯಲ್ಲ. ತಿಳಿದರೆ ವೈದ್ಯರು ಬೇರೆ ದಾರಿ ಹಿಡಿಯುತ್ತಾರೆ.

ನಿಮ್ಮ ಮನೆಯಲ್ಲಿ ಬಿ.ಪಿ., ಸಕ್ಕರೆ ಗುಳಿಗೆಗಳ ಹೆಸರು ಬರೆದಿಟ್ಟ ಚೀಟಿಯೊಂದು ಇದ್ದೇ ಇರುತ್ತದೆ. ಈ ಗುಳಿಗೆ ತೆಗೆದುಕೊಳ್ಳುವವರಿದ್ದರೆ ಇವತ್ತೇ ಅದರ ಹೆಸರನ್ನೂ ಆ ಚೀಟಿಗೆ ಸೇರಿಸಿ, ಚೀಟಿ ಎಲ್ಲಿದೆ ಎಂಬುದನ್ನು ಮನೆಯಾಕೆಗೆ ತೋರಿಸಿ. ಇಷ್ಟು ಮಾಡಲು ಐದು ನಿಮಿಷದ ಮುಜುಗರ ಪಡಬೇಕಾದೀತು. ಐದು ನಿಮಿಷದ ಮುಜುಗರಕ್ಕಿಂತ ಜೀವ ದೊಡ್ಡದು.